ದೊಡ್ಡ ಅಳತೆಯ ಶೂ

ನಮ್ಮ ಮನೆಯ ಅಟ್ಟದಲ್ಲಿ ಹಳೆಯ ಪತ್ರಿಕೆಗಳ ಒಂದು ಕಟ್ಟಿದೆ. ರೇಷ್ಮೆ ಹುಳು ಸಾಕುವ ನೆರೆಯವರು ತಟ್ಟೆಗೆ ಹಾಸಲು ಎಷ್ಟು ಕೇಳಿದರೂ ನಮ್ಮ ಯಜಮಾನರು ಅದನ್ನು ಕೊಟ್ಟಿರಲಿಲ್ಲ. ಮೊನ್ನೆ ಬಿಚ್ಚಿದೆ. ಒಂದೊಂದು ಹಾಳೆಯ ಮೇಲೂ ಪೆನ್ಸಿಲಿನಲ್ಲಿ ಗೆರೆ ಎಳೆದ ಎರಡು ಪಾದ, ಪಕ್ಕದಲ್ಲಿ ಮಗುವಿನ ಹೆಸರು. ಅವರು ತೀರಿಹೋಗಿ ಎಂಟು ತಿಂಗಳಾಯಿತು. ಆ ಅಕ್ಷರಗಳಿಗೆ ಸುದ್ದಿ ಇನ್ನೂ ತಲುಪಿದಂತಿಲ್ಲ.

ಜಂಗಮಕೋಟೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಅವರು ಪಿ.ಟಿ. ಮೇಷ್ಟ್ರು. ಬಡಮಕ್ಕಳ ಶೂಗೆ, ಆಟದ ಸಾಮಾನಿಗೆ ಅನುದಾನ ಬಂತೆಂದರೆ ಮನೆಯಲ್ಲೇ ಮದುವೆಯೇನೋ ಎಂಬಂತೆ ಓಡಾಡುತ್ತಿದ್ದರು. ಸರ್ಕಾರ ಶೂ ಕೊಡಬಹುದು, ಕಾಲಿನ ಅಳತೆ ನಾವೇ ತೆಗೆಯಬೇಕು ಎನ್ನುವುದು ಅವರ ಮಾತು. ಅಳತೆಯ ದಿನ ಶಾಲೆಗೆ ಬಾರದ ಮಕ್ಕಳ ಮನೆಗೆ ಹಾಳೆ ಕಳುಹಿಸುತ್ತಿದ್ದರು. ಹಾಗೆ ಹೋದ ಹಾಳೆಯಲ್ಲಿ ಪಾದ ಒಂದು ಬೆರಳು ಬೆಳೆದೇ ಹಿಂದಿರುಗುತ್ತಿತ್ತು, ಬರುವ ವರ್ಷಕ್ಕೂ ಆಗಲಿ ಎಂದು. ನಮ್ಮ ಕಡೆಯ ತಾಯಂದಿರ ಜಾಣತನ ಅದು.

ಒಂದು ವರ್ಷ ಐದನೇ ತರಗತಿಯ ನಾಗವೇಣಿಯ ಪಾದ ಮೂರು ಬೆರಳು ಬೆಳೆದಿತ್ತು. ಅವಳಷ್ಟು ಜೋರಾಗಿ ಓಡುವವರು ಶಾಲೆಯಲ್ಲಿರಲಿಲ್ಲ. ಹೊಸ ಶೂ ಹಾಕಿ ಓಡಿಸಿದರೆ, ಶೂ ಗೆರೆಯಲ್ಲೇ ಉಳಿದು ಹುಡುಗಿ ಮುಂದೆ ಹೋದಳು. ಕೇಳಿದರೆ ಅವಳಮ್ಮ ಮುಚ್ಚಿಡಲಿಲ್ಲ. ಹಾಳೆಯ ಮೇಲೆ ನಿಂತದ್ದು ದೊಡ್ಡ ಮಗಳು ರತ್ನ. ಶಾಲೆ ಬಿಟ್ಟು, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಿದ್ದಳು.

“ಚಿಕ್ಕೋಳು ಬರಿಗಾಲಲ್ಲೇ ಓಡ್ತಾಳೆ ಬಿಡಿ ಮೇಷ್ಟ್ರೇ. ದೊಡ್ಡೋಳು ದಿನಾ ಗೂಡು ಬೇಯ್ಸಿದ ನೀರಲ್ಲೇ ನಿಂತು ಕಾಲು ಬೆಂದೋಗೈತೆ.”

ಅಂದು ಅವರು ಸರಿಯಾಗಿ ಊಟ ಮಾಡಲಿಲ್ಲ. “ಸರ್ಕಾರದ ಶೂ ಕಣೇ. ಹಾಜರಿ ಪುಸ್ತಕದಲ್ಲಿ ಹೆಸರಿರೋ ಕಾಲಿಗೇ ಹೋಗ್ಬೇಕು” ಅಂದರು.

“ಹಂಗಾದ್ರೆ ಆ ಕಾಲನ್ನೂ ಪುಸ್ತಕಕ್ಕೆ ಸೇರ್ಸ್ಕೊಳ್ಳಿ” ಎಂದೆ, ಸುಮ್ಮನೆ ಬಾಯಿಗೆ ಬಂದದ್ದು.

ಮರುದಿನವೇ ರತ್ನಳನ್ನು ಶಾಲೆಗೆ ಕರೆಯಲು ಹೋದರು. “ಅವಳ ಕೂಲಿ ನೀವ್ ಕೊಡ್ತೀರಾ?” ಎಂದು ಆ ತಾಯಿ ಕೇಳಿದಳು. ಯಾವ ಅನುದಾನದಲ್ಲೂ ಅದಕ್ಕೊಂದು ಸಾಲು ಇರುವುದಿಲ್ಲ, ಅಲ್ಲವೇ? ಆದರೂ ಬೆಳಗಾದರೆ ಆ ಬಾಗಿಲಲ್ಲಿ ನಿಲ್ಲುತ್ತಿದ್ದರು. ಕಡೆಗೆ, ಕಾಟ ತಾಳಲಾರದೆಯೋ ಏನೋ, ತಾಯಿ ಕಳುಹಿಸಿದಳು. ರತ್ನ ಆ ಶೂ ಹಾಕಿಕೊಂಡು ಒಂಬತ್ತು ದಿನ ಬಂದಳು. ಹತ್ತನೆಯ ದಿನ ಮತ್ತೆ ನೂಲಿನ ಕೆಲಸಕ್ಕೆ ಹೋದಳು. ನಾಗವೇಣಿ ಶಿಡ್ಲಘಟ್ಟದ ಓಟದಲ್ಲಿ ಬರಿಗಾಲಲ್ಲೇ ಎರಡನೆಯವಳಾದಳು. ಇವರು ಬಹುಮಾನದ ಮಾತೇ ಎತ್ತಲಿಲ್ಲ.

“ಒಂಬತ್ತು ದಿನಕ್ಕೆ ಇಷ್ಟೊಂದು ಅಲೆದ್ರಲ್ಲ ರೀ, ಏನ್ ಸಿಕ್ತು?” ಎಂದು ನಾನು ನಕ್ಕೆ. ಅವರು ಸೈಕಲ್ಲು ಒರೆಸಲು ಎದ್ದುಹೋದರು. ಮತ್ತೆಂದೂ ರತ್ನಳ ಹೆಸರು ಅವರ ಬಾಯಲ್ಲಿ ಬರಲಿಲ್ಲ.

ವೈಕುಂಠ ಸಮಾರಾಧನೆಯ ದಿನ, ನೆಂಟರೆಲ್ಲ ಹೋದ ಮೇಲೆ, ಕಂಕುಳಲ್ಲಿ ಕೂಸಿದ್ದ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. “ನಾನಮ್ಮಾ, ರತ್ನ” ಅಂದಳು. ಅವರ ಪಟದ ಮುಂದೆ ಹೋಗಿ ನಿಂತಳು.

“ಆ ಒಂಬತ್ತು ದಿನಾನೂ ಮೇಷ್ಟ್ರು ನನ್ನನ್ನ ಖೋಖೋಗೆ ಇಳಿಸಿದ್ರು. ಒಂದ್ ದಿನಾನೂ ಯಾರ್ ಕೈಗೂ ಸಿಗ್ಲಿಲ್ಲಮ್ಮಾ ನಾನು!”

ಹೇಳುತ್ತ ಹೇಳುತ್ತ ಅವಳಿಗೆ ಏದುಸಿರು ಬಂತು, ಈಗಷ್ಟೇ ಮೈದಾನದಿಂದ ಓಡಿಬಂದವಳ ಹಾಗೆ. ಇದನ್ನು ಕೇಳಬೇಕಾಗಿದ್ದವರು ಕೇಳದೆ ಹೋದರು. ಅಂದು ನಕ್ಕು, ಅವರ ಸೋಲಿನ ಲೆಕ್ಕಕ್ಕೆ ಆ ಒಂಬತ್ತು ದಿನವನ್ನು ಸೇರಿಸಿ ಕಳಿಸಿದವಳು ನಾನು.