ಗುಜರಿಯಿಂದ ಮರಳಿದ ವೆಕ್ಟರ್‌ಸ್ಕೋಪು

ಗಿರಿಜಾಂಬಾ ಅವರ ಕೋಣೆಯಿಂದ ಮೀನಿನ ವಾಸನೆ ಬಂದ ದಿನ ಅಗ್ರಹಾರದ ನಮ್ಮ ಬೀದಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ಪೂಜೆಯ ಹೊತ್ತು ಬೇರೆ. ಅವರ ತಮ್ಮನ ಹೆಂಡತಿ ವಾಣಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಹೊರಗೆ ಓಡಿ ಬಂದರು. ಅವರ ಹಿಂದೆಯೇ ಕಿಟಕಿಯಿಂದ ಬೂದುಬಣ್ಣದ ಹೊಗೆ ಹೊರಟಿತು. ಕೊನೆಗೆ ಗಿರಿಜಾಂಬಾ ಹೊಸ್ತಿಲಿಗೆ ಬಂದು, ಇಕ್ಕಳದಲ್ಲಿ ಹಿಡಿದಿದ್ದ ಹೆಬ್ಬೆರಳ ಗಾತ್ರದ ಕಪ್ಪು ಡಬ್ಬಿಯೊಂದನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು.

"ಮೀನಲ್ಲ ಕಣ್ರೀ, ಕಂಡೆನ್ಸರ್. ಹಳೇದಾದ್ರೆ ಒಳಗಿನ ರಸ ಸೋರಿ ಹೀಗೇ ನಾರುತ್ತೆ. ಹೋಗಿ, ಹೋಗಿ, ಪೂಜೆ ಮುಗಿಸ್ಕೊಳ್ಳಿ."

ತಪ್ಪಾಯಿತು ಎನ್ನುವ ದನಿಯೇ ಅಲ್ಲ ಅದು. ನಮ್ಮನ್ನೇ ಗದರಿದ ಹಾಗಿತ್ತು.

ಗಿರಿಜಾಂಬಾ ಅವರಿಗೆ ಅರವತ್ತು ದಾಟಿದೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಾರೆ. ಮುಂದಿನ ಕೋಣೆ ಮಗಳಿಗೆ, ಹಿಂದಿನ ಮನೆ ಮಗ ಯೋಗೇಂದ್ರನಿಗೆ ಎಂದು ಅವರ ತಂದೆ ಬದುಕಿದ್ದಾಗಲೇ ಹೇಳಿಟ್ಟಿದ್ದರು. ಆ ಕೋಣೆಯಲ್ಲಿ ಮಂಚಕ್ಕೆ ಉಳಿದಿರುವುದು ಒಂದು ಮೂಲೆ ಮಾತ್ರ. ಮಿಕ್ಕ ಜಾಗವೆಲ್ಲ ಯಂತ್ರಗಳದು. ಹಳೆಯ ಟಿವಿಗಳಲ್ಲ, ಟಿವಿ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಒಂದು ಕಾಲದಲ್ಲಿ ಬಳಸುತ್ತಿದ್ದ ಯಂತ್ರಗಳು. ಪರದೆಯ ಮೇಲೆ ಬಣ್ಣದ ಪಟ್ಟಿಗಳನ್ನು ಮೂಡಿಸುವ ಪ್ಯಾಟರ್ನ್ ಜನರೇಟರ್, ವಿದ್ಯುತ್ತಿನ ಅಲೆಯನ್ನು ಗೆರೆಯಾಗಿ ಬರೆದು ತೋರಿಸುವ ಆಸಿಲೋಸ್ಕೋಪು, ಎಲ್ಲಕ್ಕಿಂತ ಹೆಚ್ಚಾಗಿ ಅವರ ಜೀವದಂಥ ವೆಕ್ಟರ್‌ಸ್ಕೋಪು. ಅದಕ್ಕೆ ಸಾಸರಿನಷ್ಟು ಅಗಲದ ದುಂಡನೆಯ ಗಾಜಿನ ಪರದೆ. ಅದರ ಮೇಲೆ ಪ್ರತಿ ಬಣ್ಣಕ್ಕೂ ಒಂದೊಂದು ಪುಟ್ಟ ಚೌಕ ಗೀಚಿರುತ್ತದೆ. ಬಣ್ಣ ಸರಿಯಿದ್ದರೆ ಬೆಳಕಿನ ಚುಕ್ಕಿಗಳು ತಂತಮ್ಮ ಚೌಕದೊಳಗೆ ಕೂರುತ್ತವೆ. ಕೆಟ್ಟಿದ್ದರೆ ಆಚೆ ಜಾರುತ್ತವೆ.

ಈ ಯಂತ್ರದ ಮುಂದೆ ಅವರು ಕೂತಿದ್ದು ಎಂಬತ್ತರ ದಶಕದಲ್ಲಿ, ಮೇಟಗಳ್ಳಿ ಕಡೆಯ ಒಂದು ಟಿವಿ ಕಾರ್ಖಾನೆಯಲ್ಲಿ. ಈಗ ಆ ಕಾರ್ಖಾನೆಯೂ ಇಲ್ಲ, ಅದರ ಹೆಸರು ನೆನಪಿರುವವರೂ ಕಡಿಮೆ. ಡಿಪ್ಲೊಮಾ ಮುಗಿಸಿ ಸೇರಿದ ಗಿರಿಜಾಂಬಾ ಅವರಿಗೆ ಟೆಸ್ಟಿಂಗ್ ಬೆಂಚು ಸಿಕ್ಕಿತು. ತಯಾರಾದ ಪ್ರತಿ ಟಿವಿಯೂ ಅವರ ಮುಂದೆ ಬಂದು, ಅವರು ಅದರ ಬೆನ್ನಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದ ಮೇಲೆಯೇ ಪೆಟ್ಟಿಗೆ ಸೇರಬೇಕು. ಒಂದು ವರ್ಷ ದಸರಾ ಹತ್ತಿರ ಬಂದಾಗ ಅಂಗಡಿಗಳಿಂದ ಬೇಡಿಕೆಯೋ ಬೇಡಿಕೆ. ಸೂಪರ್‌ವೈಸರ್ ಕೃಷ್ಣಪ್ಪ ಬಂದು, ಚುಕ್ಕಿ ಸ್ವಲ್ಪ ಆಚೆ ಈಚೆ ಇದ್ದರೂ ಬಿಟ್ಟುಬಿಡಿ ಎಂದರು.

"ಬಿಟ್ರೆ ಸೆಟ್ಟಲ್ಲಿ ಬರೋ ಮುಖಗಳೆಲ್ಲ ಹಸುರು ಹಸುರಾಗಿ ಕಾಣುತ್ತೆ ಸಾರ್."

"ಜನಕ್ಕೆ ಬಣ್ಣ ಬಂದ್ರೆ ಸಾಕು ಕಣಮ್ಮ. ಯಾವ ಬಣ್ಣ ಅಂತ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ," ಎಂದರು ಗಿರಿಜಾಂಬಾ.

ಮರುದಿನವೇ ಅವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿ, ಸೆಟ್ಟುಗಳನ್ನು ಪರೀಕ್ಷೆಯಿಲ್ಲದೆಯೇ ಕಳಿಸತೊಡಗಿದರು. ಅಲ್ಲಿ ಅವರು ಟಿವಿಯ ಬೆನ್ನು ತಿರುಗಿಸಿ ನೋಡುವುದು, ಚಾಕ್ ಗುರುತಿಲ್ಲದ ಸೆಟ್ಟಿದ್ದರೆ ಪೆಟ್ಟಿಗೆಯ ಬಾಯಿ ಮುಚ್ಚದೆ ಪಕ್ಕಕ್ಕೆ ತಳ್ಳುವುದು. ಪಕ್ಕದಲ್ಲಿ ತೆರೆದ ಪೆಟ್ಟಿಗೆಗಳ ಗೋಡೆಯೇ ಎದ್ದಿತು. ಕೃಷ್ಣಪ್ಪ ಕೂಗಾಡಿದರು, ಮೇಲಿನವರಿಗೆ ದೂರು ಕೊಟ್ಟರು, ಕೊನೆಗೆ ಬೇಸತ್ತು ಅವರನ್ನು ಬೆಂಚಿಗೇ ವಾಪಸು ಕಳಿಸಿದರು. ಇಬ್ಬರೂ ಮತ್ತೆ ಒಬ್ಬರನ್ನೊಬ್ಬರು ಮಾತಾಡಿಸಲಿಲ್ಲ.

ಕೆಲ ವರ್ಷಗಳ ಮೇಲೆ ಕಾರ್ಖಾನೆ ಮುಚ್ಚಿತು. ಯಂತ್ರಗಳನ್ನೆಲ್ಲ ವರಾಂಡದಲ್ಲಿ ರಾಶಿ ಹಾಕಿದ್ದರು. ಗಿರಿಜಾಂಬಾ ಆಫೀಸಿನವರನ್ನು ಕೇಳಿ, ತಮ್ಮ ಬೆಂಚಿನ ಮೂರನ್ನು ಟಾಂಗಾದಲ್ಲಿ ಹೇರಿಸಿಕೊಂಡು ಅಗ್ರಹಾರಕ್ಕೆ ತಂದರು. ದಾರಿಯುದ್ದಕ್ಕೂ ವೆಕ್ಟರ್‌ಸ್ಕೋಪನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರಂತೆ. ಆಮೇಲೆ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಕೆಲಸ, ಕಾಯಿಲೆ ಬಿದ್ದ ತಾಯಿಯ ಆರೈಕೆ. ಯಂತ್ರಗಳು ಮಂಚದ ಕೆಳಗೆ ಧೂಳು ತಿನ್ನುತ್ತಾ ಉಳಿದವು. ನಿವೃತ್ತಿಯಾದ ಮೇಲೆ ಹೊರಕ್ಕೆಳೆದು, ಒಂದೊಂದೇ ಸ್ಕ್ರೂ ಬಿಚ್ಚತೊಡಗಿದರು.

ಇದು ಅವಸರದ ಕೆಲಸವಲ್ಲ. ಇಷ್ಟು ವರ್ಷ ಮಲಗಿದ್ದ ಯಂತ್ರವನ್ನು ನೇರ ಪ್ಲಗ್ಗಿಗೆ ಸಿಕ್ಕಿಸಿದರೆ ಸುಟ್ಟು ಹೋಗುತ್ತದೆ. ಹಾಗಾಗಿ ನಡುವೆ ಒಂದು ಹಳೆಯ ಬಲ್ಬನ್ನು ಜೋಡಿಸಿ ಕರೆಂಟು ಕೊಡಬೇಕು. ಬಲ್ಬು ಜೋರಾಗಿ ಉರಿದರೆ ಒಳಗೆಲ್ಲೋ ಶಾರ್ಟ್ ಆಗಿದೆ ಎಂದು ಅರ್ಥ. ಮಂಕಾದರೆ ಮುಂದುವರಿಯಬಹುದು. ಧೂಳಿಗೆ ಬಣ್ಣ ಬಳಿಯುವ ಬ್ರಷ್ಷು, ಕಿಲುಬಿಗೆ ಪೆನ್ಸಿಲ್ ಅಳಿಸುವ ರಬ್ಬರು. ಒಣಗಿದ ಕಂಡೆನ್ಸರುಗಳನ್ನು ತೆಗೆದು ಹೊಸದನ್ನು ಬೆಸುಗೆ ಹಾಕಬೇಕು. ವರ್ಷಗಟ್ಟಲೆ ಹೀಗೆ ಮಾಡಿ ಮೂರಕ್ಕೂ ಜೀವ ತಂದರು. ಬೆಳಿಗ್ಗೆ ಕಾಫಿ ಕುಡಿದು, ಮೂರನ್ನೂ ಹೊತ್ತಿಸಿ, ಚುಕ್ಕಿಗಳು ಚೌಕಕ್ಕೆ ಬಂದು ಕೂರುವುದನ್ನು ನೋಡಿಯೇ ಸ್ನಾನಕ್ಕೆ ಏಳುವುದು ಅಭ್ಯಾಸವಾಯಿತು. ಅಷ್ಟು ನೋಡಿಕೊಂಡರೂ ಜನರೇಟರಿನ ಒಳಗೆ ಬದಲಾಯಿಸದೆ ಬಿಟ್ಟಿದ್ದ ಒಂದು ಹಳೆಯ ಕಂಡೆನ್ಸರ್ ಆ ದಿನ ಕೈಕೊಟ್ಟಿತ್ತು. ಅದೇ ಮೀನಿನ ವಾಸನೆ.

ಯೋಗೇಂದ್ರ ಕೆಟ್ಟವರಲ್ಲ. ಆದರೆ ಹೊಗೆ ನೋಡಿ ಹೆದರಿದ್ದರು. ಮನೆಯ ಮಾಡು ಹಳೆಯ ಮರದ್ದು. ಮುಂದಿನ ವಾರ ಗಿರಿಜಾಂಬಾ ನಂಜನಗೂಡಿಗೆ ಒಂದು ಮದುವೆಗೆ ಹೋದಾಗ, ಬೀದಿಯಲ್ಲಿ ಕೂಗುತ್ತಾ ಹೋಗುತ್ತಿದ್ದ ಗುಜರಿ ಗಾಡಿಯವನನ್ನು ಕರೆದು ಮೂರೂ ಯಂತ್ರಗಳನ್ನು ಹೇರಿಸಿ ಕಳಿಸಿಬಿಟ್ಟರು.

ಗಿರಿಜಾಂಬಾ ವಾಪಸು ಬಂದದ್ದು ಮಧ್ಯಾಹ್ನ. ಕೋಣೆಯಲ್ಲಿ ಬೆಂಚಿನ ಮೇಲೆ ಯಂತ್ರಗಳಿದ್ದ ಕಡೆ ಧೂಳಿಲ್ಲದ ಚೌಕಗಳು ಮಾತ್ರ ಉಳಿದಿದ್ದವು.

"ಯಾವ ಗುಜರಿ?" ಎಂದಷ್ಟೇ ಕೇಳಿದರು.

"ಅಕ್ಕ, ಸ್ವಲ್ಪ ಕೇಳು. ಮನೆಗೆ ಬೆಂಕಿ ಬಿದ್ದಿದ್ರೆ..."

"ಯಾವ ಗುಜರಿ ಯೋಗಿ?"

"ಮಂಡಿ ಮೊಹಲ್ಲಾದೋನು. ದೇವರಾಜು ಅಂತ."

"ಅವನು ಕೊಟ್ಟ ದುಡ್ಡು ಕೊಡು ಇಲ್ಲಿ."

ಮದುವೆಯ ರೇಷ್ಮೆ ಸೀರೆಯಲ್ಲೇ ಆಟೊ ಹತ್ತಿದರು. ಏನು ರಂಪವಾಗುತ್ತದೋ ಎಂದು ಹಿಂದೆಯೇ ಸ್ಕೂಟರಿನಲ್ಲಿ ನಾನೂ ಹೋದೆ. ದೇವರಾಜುವಿನ ಅಂಗಡಿಯ ಮುಂದೆ ಫ್ಯಾನು, ಮಿಕ್ಸಿ, ತಗಡಿನ ರಾಶಿ. ಆಸಿಲೋಸ್ಕೋಪು, ಜನರೇಟರು ತಕ್ಕಡಿಯ ಪಕ್ಕದಲ್ಲಿದ್ದವು. ಆಳೊಬ್ಬ ವೆಕ್ಟರ್‌ಸ್ಕೋಪಿನ ಕವಚ ಕಳಚಿ, ತಾಮ್ರಕ್ಕಾಗಿ ಸುತ್ತಿಗೆ ಹಿಡಿದು ಕೂತಿದ್ದ. ಗಿರಿಜಾಂಬಾ ಅವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು ಆಸಿಲೋಸ್ಕೋಪಿನ ಮೇಲೆ ಕೂತುಬಿಟ್ಟರು.

ದೇವರಾಜು ಓಡಿ ಬಂದ. "ಏನಮ್ಮ ಇದು, ಏಳಿ ಮ್ಯಾಕೆ. ನಿಮ್ ತಮ್ಮೋರೇ ಮಾರವ್ರೆ ಬುಡಿ."

"ನಂದನ್ನ ಮಾರೋಕೆ ಅವನ್ಯಾರು? ತಗೊಳೋಕೆ ನೀನ್ಯಾರು?"

"ವ್ಯಾಪಾರ ಆಗೋಯ್ತು ಕಣಮ್ಮ. ನಾನೆಂಗೆ ವಾಪಸ್ ಕೊಡ್ಲಿ?"

"ಹಂಗಾದ್ರೆ ನನ್ನನ್ನೂ ತೂಗು. ಒಟ್ಟಿಗೇ ತಗೊ."

ಜನ ಸೇರಿದರು. ಹಳೆಯ ಪೇಪರ್ ಮಾರಲು ಬಂದವರು ಚೀಲ ಕೆಳಗಿಟ್ಟು ನೋಡುತ್ತಾ ನಿಂತರು. ದೇವರಾಜು ಬೈದ, ಬೇಡಿಕೊಂಡ, ಒಳಗೆ ಹೋಗಿ ಟೀ ಕುಡಿದು ಬಂದ. ಅವರು ಕೂತೇ ಇದ್ದರು, ಸುತ್ತಿಗೆ ಮಡಿಲಲ್ಲಿ. ಆ ಹೊತ್ತಿನಲ್ಲಿ ಅಂಗಡಿಯೊಳಗೆ ಒಬ್ಬ ಗಿರಾಕಿಯೂ ಬರಲಿಲ್ಲ. ಕೊನೆಗೆ ಅವನು ಕೈಮುಗಿದು, "ತಗೊಂಡೋಗಿ ತಾಯಿ" ಎಂದ. ತಮ್ಮ ಕೊಟ್ಟ ನೋಟುಗಳನ್ನು ಹಾಗೇ ತಕ್ಕಡಿಯ ತಟ್ಟೆಯಲ್ಲಿಟ್ಟು ಅವರು ಎದ್ದರು.

ವೆಕ್ಟರ್‌ಸ್ಕೋಪನ್ನು ಎತ್ತುವಾಗಲೇ ಗೊತ್ತಾಯಿತು. ಗಾಜಿನ ಪಿಕ್ಚರ್ ಟ್ಯೂಬಿನ ಕತ್ತು ಮುರಿದಿತ್ತು. ಒಳಗೆ ಕನ್ನಡಿಯಂತೆ ಹೊಳೆಯಬೇಕಿದ್ದ ಜಾಗ ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಗಾಳಿ ಒಳಹೊಕ್ಕರೆ ಹಾಗಾಗುತ್ತದೆ. ಗಾಳಿ ಹೊಕ್ಕ ಟ್ಯೂಬಿಗೆ ಮದ್ದಿಲ್ಲ.

"ಅದು ಒಡೆದೋಗೈತೆ ಅಲ್ವ್ರಾ? ಬುಟ್ಟೋಗಿ," ಎಂದ ದೇವರಾಜು, ಈ ಸಲ ಮೆತ್ತಗೆ.

"ಒಡೆದಿದ್ರೂ ನಂದೇ."

ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದೆ. ನೋಡದವನಂತೆ ಜನರೇಟರನ್ನು ಆಟೊಗೆ ಹೊತ್ತು ಹಾಕಿದೆ.

ಮನೆಯಲ್ಲಿ ಅವರು ಮಾಡಿದ ಮೊದಲ ಕೆಲಸ ಕೋಣೆಗೆ ಬೀಗ ಹಾಕಿಸಿದ್ದು. ಎರಡನೆಯದು, ಕರೆಂಟಿನವರನ್ನು ಕರೆಸಿ ಆ ಕೋಣೆಗೆಂದೇ, ಶಾರ್ಟ್ ಆದರೆ ಕರೆಂಟು ತಾನೇ ನಿಲ್ಲಿಸುವ ಬೇರೆ ಟ್ರಿಪ್ ಸ್ವಿಚ್ ಹಾಕಿಸಿ, ಬಾಗಿಲ ಪಕ್ಕ ಮರಳಿನ ಬಕೆಟ್ ಇಟ್ಟದ್ದು. ಯೋಗೇಂದ್ರ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

"ಬೆಂಕಿ ಅಂದ್ಯಲ್ಲ, ಆ ಮಾತು ಸರಿ. ಅದಕ್ಕೆ ಇದು," ಎಂದರು ಅಕ್ಕ. "ನನ್ನನ್ನ ಕೇಳದೇ ಕಳಿಸಿದ್ಯಲ್ಲ, ಅದಕ್ಕೆ ಈ ಬೀಗ."

"ಯಾರಿಗೋಸ್ಕರ ಅಕ್ಕ ಇದೆಲ್ಲ? ಆ ಥರ ಟಿವಿನೇ ಇಲ್ಲ ಈಗ. ಏನನ್ನ ಟೆಸ್ಟ್ ಮಾಡ್ತೀಯ?"

"ನೀನು ದಿನಾ ಸಂಧ್ಯಾವಂದನೆ ಮಾಡ್ತೀಯ. ಯಾರಿಗೋಸ್ಕರ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?"

ಯೋಗೇಂದ್ರ ಒಳಗೆ ಹೋದರು.

ಇನ್ನು ಟ್ಯೂಬು ಹುಡುಕಬೇಕಿತ್ತು. ಅದನ್ನು ಈಗ ಯಾರೂ ತಯಾರಿಸುವುದಿಲ್ಲ. ಗೊತ್ತಿದ್ದ ರಿಪೇರಿಯವರಿಗೆಲ್ಲ ಫೋನು ಮಾಡಿದರು. ದೇವರಾಜ ಮೊಹಲ್ಲಾದ ರೇಡಿಯೋ ಅಂಗಡಿಗಳ ಅಟ್ಟ ಹತ್ತಿ ಇಳಿದರು. ತಿಂಗಳುಗಳ ಮೇಲೆ ಯಾರೋ ಒಂಟಿಕೊಪ್ಪಲಿನ ಶಿವನಂಜಮ್ಮನವರ ಹೆಸರು ಹೇಳಿದರು. ಅವರ ಗಂಡ ಒಂದು ಕಾಲಕ್ಕೆ ಮದುವೆ ವಿಡಿಯೋ ಸ್ಟುಡಿಯೋ ನಡೆಸುತ್ತಿದ್ದರು, ತೀರಿಕೊಂಡು ವರ್ಷಗಳಾಗಿವೆ. ಬಣ್ಣ ಹೊಂದಿಸಲು ಅವರೂ ಅದೇ ಬಗೆಯ ವೆಕ್ಟರ್‌ಸ್ಕೋಪು ಇಟ್ಟುಕೊಂಡಿದ್ದರು. ಅದು ಕೆಟ್ಟು ಅಲ್ಮೆರಾದ ಮೇಲಿತ್ತು.

"ಟ್ಯೂಬ್ ಒಂದನ್ನೇ ಬಿಚ್ಕೊಂಡು ಹೋಗ್ಲಾ?" ಎಂದು ಗಿರಿಜಾಂಬಾ ಕೇಳಿದರು.

ಶಿವನಂಜಮ್ಮ ಸೆರಗಿನಿಂದ ಅದರ ಮೇಲಿನ ಧೂಳು ಒರೆಸಿದರು. "ಅಂಗೇ ಪೂರ್ತಿ ತಗೊಂಡೋಗಿ ಕಣಮ್ಮ. ಇದು ಉರಿಯೋ ಕಾಲ್ದಲ್ಲಿ ನಮ್ಮೋರು ಊಟಕ್ಕೂ ಏಳ್ತಿರ್ಲಿಲ್ಲ. ನಿಮ್ಗೆ ಬೇಕಾದ್ದು ಮಾಡ್ಕೊಳ್ಳಿ."

ಮನೆಗೆ ತಂದು ಅದನ್ನು ಬಿಚ್ಚಿದಾಗ ಟ್ಯೂಬು ಚೆನ್ನಾಗಿತ್ತು. ಕಳಚಿ ತಮ್ಮ ಯಂತ್ರಕ್ಕೆ ಹಾಕಿದ್ದರೆ ಒಂದೆರಡು ದಿನದ ಕೆಲಸ. ಆದರೆ ನೋಡುತ್ತಾ ಹೋದಂತೆ ಮಿಕ್ಕ ಭಾಗಗಳೂ ಪೂರ್ತಿ ಸತ್ತಿಲ್ಲ ಎಂದು ತಿಳಿಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು, ಕೆಲವು ಬೆಸುಗೆಗಳು ಬಿಟ್ಟಿದ್ದವು, ಅಷ್ಟೆ. ಗಿರಿಜಾಂಬಾ ವಾರವಿಡೀ ಎರಡು ಯಂತ್ರಗಳ ನಡುವೆ ಕೂತಿದ್ದರು. ಒಂದನ್ನು ಕೊಂದರೆ ಇನ್ನೊಂದು ಬದುಕುತ್ತದೆ. ಸಂಜೆ ನಾನು ಹೋದಾಗ ಅವರು ಸಿಡುಕಿನಲ್ಲಿದ್ದರು.

"ಕಾರ್ಖಾನೇಲಿ ಇದ್ದಾಗ ಕೆಟ್ಟಿದ್ದನ್ನ ಒಳ್ಳೇದು ಅಂತ ನಾನು ಬರೀಲಿಲ್ಲ. ಈಗ ರಿಪೇರಿ ಆಗೋದನ್ನ ಸತ್ತಿದೆ ಅಂತ ಹೆಂಗೆ ಬರೀಲಿ?"

ಟ್ಯೂಬು ಕೀಳಲಿಲ್ಲ. ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತಿಸಲು ಊರೆಲ್ಲ ಅಲೆದರು. ಹೊಸ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಶಿವನಂಜಮ್ಮನವರನ್ನು ಕರೆಸಿ, ಅವರ ಕೈಯಲ್ಲೇ ಸ್ವಿಚ್ ಒತ್ತಿಸಿದರು. ಮಧ್ಯದಲ್ಲಿ ಒಂದು ಹಸಿರು ಚುಕ್ಕಿ ಮೂಡಿತು. ಹೊಸ ಕಂಡೆನ್ಸರ್ ಹಾಕಿ ಸರಿಮಾಡಿದ್ದ ಜನರೇಟರಿನ ತಂತಿ ಸಿಕ್ಕಿಸಿದಾಗ ಅದು ಒಡೆದು ಆರಾಗಿ ಹರಡಿ, ಚೌಕಗಳ ಅಂಚಿನಲ್ಲಿ ನಡುಗಿತು. ಗಿರಿಜಾಂಬಾ ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಆರೂ ಒಳಗೆ ಬಂದು ಕೂತವು.

"ಬಂದ್ಬುಟ್ವಲ್ಲ!" ಎಂದರು ಶಿವನಂಜಮ್ಮ, ಬಾಯಿಗೆ ಕೈ ಅಡ್ಡ ಹಿಡಿದು. ಮನೆಗೆ ಒಯ್ಯುವುದಿಲ್ಲ, ಇಲ್ಲೇ ಉರೀಲಿ, ಆಗಾಗ ಬಂದು ನೋಡುತ್ತೇನೆ ಎಂದರು. ಈಗ ಬರುತ್ತಾರೆ ಕೂಡ.

ಗಿರಿಜಾಂಬಾ ಅವರ ಸ್ವಂತ ವೆಕ್ಟರ್‌ಸ್ಕೋಪು ಇನ್ನೂ ಕುರುಡಾಗಿಯೇ ಬೆಂಚಿನ ಮೇಲಿದೆ. ಅದನ್ನು ಶೋಕೇಸಿಗೆ ಕೊಡಿ ಎಂದು ಒಂದು ಕಾಲೇಜಿನವರು ಬಂದಿದ್ದರು. "ಉರಿಯೋ ಹಂಗೆ ಮಾಡಿದ ಮೇಲೆ ಮಾತಾಡೋಣ" ಎಂದು ಕಳಿಸಿಬಿಟ್ಟರು. ಆದರೆ ಸುದ್ದಿ ಹರಡಿ, ಬೇರೆ ಊರಿನವರೂ ತಮ್ಮ ಹಳೆಯ ಯಂತ್ರಗಳನ್ನು ಹೊತ್ತು ತರುತ್ತಾರೆ. ಬಂದವರು ಮನೆ ಹುಡುಕಿಕೊಂಡು ಬೀದಿಯಲ್ಲಿ ಅಲೆಯಬಾರದೆಂದು ಹೋದ ತಿಂಗಳು ಒಂದು ಬೋರ್ಡು ಬರೆಸಿದರು. "ಗಿರಿಜಾಂಬಾ. ಟಿವಿ ಪರೀಕ್ಷಾ ಯಂತ್ರಗಳ ರಿಪೇರಿ."

ಮನೆಯ ಮುಂದೆ ಬೋರ್ಡು ಏನು, ಜನ ನಗುತ್ತಾರೆ ಎಂದು ಯೋಗೇಂದ್ರ ತಕರಾರು ತೆಗೆದರು. ಅಕ್ಕ ಸ್ಟೂಲಿನ ಮೇಲೆ ಹತ್ತಿ, ಬಾಯಲ್ಲಿ ಮೊಳೆ ಕಚ್ಚಿಕೊಂಡು, ತಾವೇ ಹೊಡೆದರು. ಬೋರ್ಡು ಒಂದು ಕಡೆ ಸ್ವಲ್ಪ ವಾಲಿದೆ. ಯೋಗೇಂದ್ರ ಅದರ ಕೆಳಗೆ ನಡೆಯಲು ಒಪ್ಪದೆ ಪಕ್ಕದ ಓಣಿಯ ಬಾಗಿಲಿನಿಂದಲೇ ಓಡಾಡುತ್ತಾರೆ. ಗಿರಿಜಾಂಬಾ ಅದಕ್ಕೆ ಏನೂ ಅನ್ನುವುದಿಲ್ಲ. ಬೆಳಿಗ್ಗೆ ಬೀದಿಯ ಕಡೆಯ ಬಾಗಿಲಿನ ಎರಡೂ ರೆಕ್ಕೆಗಳನ್ನು ಹಾರುಹೊಡೆದು ತೆರೆದು, ಕೆಲಸಕ್ಕೆ ಕೂರುತ್ತಾರೆ.