ಕಲ್ಲುಸಕ್ಕರೆ ಮೇಜಿನ ಹಿಂದೆ ನಿಂತವರು

ತಪ್ಪು ನನ್ನದೇ. ನಮ್ಮ ಕನ್ನಡ ಸಂಘದ ದೀಪಾವಳಿ ಕೂಟದಲ್ಲಿ ಮೈಕು ಹಿಡಿದು ಹುಡುಗಿಯೊಬ್ಬಳ ಕನ್ನಡವನ್ನು ಅಣಕಿಸಿದವನು ನಾನು. ಅಣಕಿಸುವುದು ನನ್ನ ಹುಟ್ಟುಗುಣ. ಚೆನ್ನೈನ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಮ್ಯಾನೇಜರು, ಕ್ಯಾಬ್ ಡ್ರೈವರು, ಲಿಫ್ಟಿನಲ್ಲಿ ಮಹಡಿಯ ಸಂಖ್ಯೆ ಹೇಳುವ ಹೆಣ್ಣುದನಿ, ಯಾರನ್ನೂ ಬಿಟ್ಟವನಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಪ್ಪನನ್ನೇ ಅಣಕಿಸಿ, ತಟ್ಟೆಯ ಕೇಸರಿಬಾತು ಮುಗಿಯುವ ಮೊದಲೇ ಎದ್ದು ಬಂದ ಮಹಾನುಭಾವ.

ಆ ದಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ಊಟದ ಸಾಲಿನಲ್ಲಿ ಸಿಕ್ಕಿ, "ಚೆನ್ನಾಗಿ ಮಾಡ್ದೆ ಡಾ. ಆದ್ರೆ ನನ್ನ ದನಿ ಇನ್ನೂ ಕೊಂಜ ದಪ್ಪ" ಎಂದು ತಿದ್ದಿ ಹೋದಳು. ಆ ನಗುವೇ ಮುಂದೆ ಅವಳ ಕುತ್ತಿಗೆಗೆ ಬರುತ್ತದೆ ಎಂದು ನನಗೆ ಹೊಳೆಯಲಿಲ್ಲ.

ಅವಳ ಅಪ್ಪ ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟವರು. ಅವಳು ಹುಟ್ಟಿದ್ದು, ಓದಿದ್ದು ಎಲ್ಲ ಚೆನ್ನೈಯಲ್ಲೇ, ಈಗ ಕೆಲಸ ಪೆರುಂಗುಡಿಯಲ್ಲಿ. ಕನ್ನಡದಲ್ಲಿ ಮಾತು ಶುರು ಮಾಡಿದರೆ ಅರ್ಧ ದಾರಿಯಲ್ಲಿ ಇಳಿದು ತಮಿಳಿನ ಬಸ್ಸು ಹತ್ತಿಬಿಡುತ್ತಾಳೆ.

ನಮ್ಮ ಸಂಘದಲ್ಲಿ ಹೊಸ ನಾಯಕರನ್ನು ಬೆಳೆಸುವ ಪದ್ಧತಿಯೊಂದಿದೆ. ಸಭೆ ನಡೆಯುವ ಹಾಲಿನ ಬಾಗಿಲಲ್ಲಿ ಒಂದು ಮೇಜು. ಮೇಜಿನ ಮೇಲೆ ಪನ್ನೀರು, ಗಂಧ, ಕಲ್ಲುಸಕ್ಕರೆ. ಮುಂದೆ ಬರಬೇಕೆಂದಿರುವವರು ಅದರ ಹಿಂದೆ ನಿಂತು ಅತಿಥಿಗಳಿಗೆ ಪನ್ನೀರು ಚಿಮುಕಿಸಬೇಕು. ಎಷ್ಟು ವರ್ಷ ಎಂದು ಕೇಳಬಾರದು. ನಮ್ಮ ಕಾರ್ಯದರ್ಶಿಯವರು ಹನ್ನೊಂದು ವರ್ಷ ನಿಂತಿದ್ದರಂತೆ. ಪದವಿ ಸಿಗುವ ಹೊತ್ತಿಗೆ ಮಂಡಿ ಹೋಗಿತ್ತು. ನಾನು ನಾಲ್ಕು ವರ್ಷ ನಿಂತು ಸಾಧಿಸಿದ್ದೆಂದರೆ, ಕಲ್ಲುಸಕ್ಕರೆ ಕಡಿದು ಕಡಿದು ಒಂದು ದವಡೆಹಲ್ಲು ಕೀಳಿಸಿಕೊಂಡದ್ದು.

ಅವಳೂ ಆ ಮೇಜಿನ ಹಿಂದೆ ಬಂದಳು, ಆದರೆ ಸುಮ್ಮನೆ ನಿಲ್ಲಲಿಲ್ಲ. ಯಾರು ಬಂದರು ಎನ್ನುವುದಕ್ಕಿಂತ ಯಾರು ಬರುವುದನ್ನು ನಿಲ್ಲಿಸಿದರು ಎಂದು ನೋಡಿಕೊಂಡಳು. ಅವರ ಮನೆಗಳಿಗೆ ಫೋನು ಮಾಡಿದಳು. ಮಕ್ಕಳು ಬೇಜಾರು ಅಂತಾರೆ, ಅವರನ್ನು ಬಿಟ್ಟು ಹೇಗೆ ಬರುವುದು ಎಂದರಂತೆ ಎಲ್ಲರೂ. ಸರಿ, ಭಾನುವಾರ ಬೆಳಿಗ್ಗೆ ಸಂಘದ ಹಾಲಿನಲ್ಲೇ ಮಕ್ಕಳನ್ನು ಸೇರಿಸಿ ಕನ್ನಡದಲ್ಲಿ ಆಟ ಆಡಿಸತೊಡಗಿದಳು. ಅವಳು ಕನ್ನಡದಲ್ಲಿ ಕೇಳುತ್ತಾಳೆ, ಅವು ತಮಿಳಿನಲ್ಲಿ ಉತ್ತರ ಕೊಡುತ್ತವೆ. ಬೈಯುವುದಿಲ್ಲ. ಕೆಲವೇ ವಾರಗಳಲ್ಲಿ ಚಪ್ಪಲಿಗಳು ಗೂಡು ತುಂಬಿ ಮೆಟ್ಟಿಲಿಗೆ ಇಳಿದವು. ತಾತನ ಭಾಷಣಕ್ಕೆ ಒಂದು ದಿನವೂ ಬಾರದ ಅಧ್ಯಕ್ಷರ ಮೊಮ್ಮಕ್ಕಳಿಬ್ಬರೂ ಅಲ್ಲಿದ್ದರು.

ಅಧ್ಯಕ್ಷರಿಗೆ ಇದು ಗದ್ದಲವಾಗಿ ಕೇಳಿಸಿತು. ಹೊಸ ವರ್ಷದಿಂದ ಭಾನುವಾರ ಹಾಲ್ ಹಿರಿಯರ ಭಜನೆಗೆ ಎಂದುಬಿಟ್ಟರು. ಹಾಲ್ ಯಾವ ದಿನ ಯಾರಿಗೆ ಎಂದು ತೀರ್ಮಾನಿಸುವುದು ಕಾರ್ಯದರ್ಶಿಯ ಕೆಲಸ. ಮಂಡಿನೋವಿನ ಕಾರ್ಯದರ್ಶಿ ಆ ಸಲ ಇಳಿಯುವವರಿದ್ದರು. ಅವಳು ಆ ಜಾಗಕ್ಕೆ ಹೆಸರು ಕೊಟ್ಟಳು. ಗೆದ್ದರೆ ತರಗತಿ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ಅಧ್ಯಕ್ಷರು ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಅವರ ಮನೆತನ ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೋ ಅವರಿಗೇ ಗೊತ್ತಿಲ್ಲ. ಬರೆದುಕೊಂಡು ಬಂದ ಕನ್ನಡ ಅಚ್ಚುಕಟ್ಟು. ಕಾಗದ ಮಡಚಿದ ಕೂಡಲೇ ಅವರೂ ಅವಳು ಹತ್ತುವ ಬಸ್ಸಿನಲ್ಲೇ. ವಾರ್ಷಿಕ ಸಭೆಯಲ್ಲಿ ಅವರು ಕಾಗದ ನೋಡುತ್ತಾ, ಕರ್ನಾಟಕದಿಂದ ಬರುವ ಗಣ್ಯರೊಂದಿಗೆ ಕಾರ್ಯದರ್ಶಿ ಶುದ್ಧವಾಗಿ ಮಾತನಾಡಬೇಕು ಎಂದರು. ಆಮೇಲೆ ಕಾಗದ ಮಡಚಿ, ಮೈಕನ್ನು ನನ್ನ ಕೈಗಿಟ್ಟರು.

"ದೀಪಾವಳಿಗೆ ಮಾಡಿದ್ಯಲ್ಲಪ್ಪಾ, ಇವಳ ಪೇಚು, ಇವಳು ಮಾತಾಡೋ ರೀತಿ. ಅದನ್ನೇ ಇನ್ನೊಂದು ತಡವೆ ಮಾಡು. ಎಲ್ಲಾರೂ ಕೇಳ್ಲಿ."

ನನ್ನ ಕುಚೇಷ್ಟೆ ಸಾಕ್ಷಿ ಹೇಳಲು ನಿಂತಿತ್ತು. ಮೂರನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದವಳು ಮಾಡು ಎನ್ನುವಂತೆ ಹುಬ್ಬು ಏರಿಸಿದಳು. ಮಾಡಿದೆ. ಆದರೆ ಅವಳನ್ನಲ್ಲ. ಅಧ್ಯಕ್ಷರಂತೆ ಎರಡು ಸಲ ಗಂಟಲು ಸರಿಮಾಡಿಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರ ಎಲ್ಲ ವರ್ಷಗಳ ಭಾಷಣವನ್ನು ಒಂದೇ ಸಾಲಿನಲ್ಲಿ ಹೇಳಿದೆ: "ಯುವಕರು ಮುಂದೆ ಬರಬೇಕು, ನಾಳಿನ ಸಂಘ ನಿಮ್ಮದು." ಕೂಡಲೇ ಮೈಕಿಗೆ ಅಂಗೈ ಅಡ್ಡ ಹಿಡಿದು, ಪಕ್ಕಕ್ಕೆ ತಿರುಗಿ, "ಡೇಯ್, ಆ ಹುಡುಗರ ಕುರ್ಚಿ ಕೊಂಜ ಹಿಂದೆ ಹಾಕು."

ಮೊದಲು ನಕ್ಕವರು ಮಂಡಿನೋವಿನ ಕಾರ್ಯದರ್ಶಿ. ಹನ್ನೊಂದು ವರ್ಷ ತಡೆದುಕೊಂಡಿದ್ದ ನಗುವಿರಬೇಕು, ನಿಲ್ಲಲೇ ಇಲ್ಲ. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ಹಲ್ಲುನೋವಿನ ಕೆನ್ನೆಯನ್ನು ಒತ್ತಿಕೊಂಡು ಪನ್ನೀರು ಚಿಮುಕಿಸುವ ನನ್ನನ್ನೂ ಒಂದಿಷ್ಟು ಮಾಡಿ ತೋರಿಸಿದೆ.

ಅಧ್ಯಕ್ಷರು ನಗಲಿಲ್ಲ. ಮೈಕು ಕಿತ್ತುಕೊಂಡು ನೇರ ಅವಳತ್ತ ತಿರುಗಿದರು. "ಇವನ ಕೂತ್ತು, ನಾಟಕ ಎಲ್ಲಾ ಇರಲಿ. ಸ್ಟೇಜ್ ಮೇಲೆ ನೀನು ಬಾಯಿ ತೆಗೆದ್ರೆ ಜನ ನಗ್ತಾರಮ್ಮಾ."

ಅವಳು ಎದ್ದು ನಿಂತಳು. ಮೈಕು ಕೇಳಲಿಲ್ಲ. ಅವಳು ಹೇಳಿದ ಮೇಲೆ ಕಾರ್ಯದರ್ಶಿಯ ಜಾಗಕ್ಕೆ ಇನ್ನೊಬ್ಬರ ಹೆಸರು ಸೂಚಿಸಲು ಯಾರೂ ಏಳಲಿಲ್ಲ, ಭಾನುವಾರದ ತರಗತಿ ಉಳಿಯಿತು. ಅವಳು ಹೇಳಿದ್ದು ಇಷ್ಟೇ:

"ನಗ್ಲಿ ಸಾರ್, ಪರವಾಯಿಲ್ಲ. ನಗೋಕಾದ್ರೂ ಬರ್ತಾರಲ್ಲ. ನಿಮ್ಮ ಕನ್ನಡ ಕೇಳೋಕೆ ನಿಮ್ಮ ಮೊಮ್ಮಕ್ಕಳೇ ಬರಲ್ಲ."