ತೊಳೆಯಗೊಡದ ಬಚ್ಚಲು

ರೆಹಮತ್‌ಬೀ, “ಈಕಿನ್ನ ನಾ ನೋಡೇ ಇಲ್ರಿ” ಎಂದು ಗ್ರಾಹಕರ ಆಯೋಗದಲ್ಲಿ ನಾನು ಹೇಳಿದ್ದು ಸುಳ್ಳು. ನೋಡಿದ್ದೆ. ನಿಮ್ಮ ಕೈಯಲ್ಲಿದ್ದ ನೀಲಿ ಬಕೆಟ್, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಅರ್ಧ ಸವೆದ ಬ್ರಶ್ಶು — ಎಲ್ಲ ನೋಡಿದ್ದೆ.

ನನ್ನ ತಮ್ಮನ ಮಗಳ ಮದುವೆಗೆಂದು ನಾವು ಹೆಣ್ಣಿನ ಕಡೆಯವರೆಲ್ಲ ನೀವು ಕೆಲಸಕ್ಕಿದ್ದ ಉಣಕಲ್ಲಿನ ಆ ಲಾಡ್ಜಿನಲ್ಲಿ ಇಳಿದಿದ್ದೆವು. ಮುಂಜಾನೆ ಎರಡನೇ ಮಹಡಿಯ ಬಚ್ಚಲಲ್ಲೇ ಮಣೆ ಹಾಕಿ, ಹುಡುಗಿಗೆ ಅರಿಷಿಣ-ಎಣ್ಣೆ ಹಚ್ಚಿ ನೀರೆರೆದೆವು. ನೆಲದ ತುಂಬ ಎಣ್ಣೆ. ನೀವು ಬಾಗಿಲಲ್ಲಿ ನಿಂತು ಹೇಳಿದಿರಿ:

“ಅಕ್ಕಾರ, ಎಣ್ಣಿ ಭಾಳ ಚೆಲ್ಲೇತ್ರಿ. ಬಿಸಿನೀರು ಹಾಕಿ ತಿಕ್ಕತೇನಿ, ಎರಡ ನಿಮಿಷ ತಡೀರಿ.”

“ಏ, ಬ್ಯಾಡ. ಮದುಮಗಳ ಅರಿಷಿಣ ತೊಳೀತಾರೇನು? ಆಕಿ ತಲಿ ಮ್ಯಾಲ ಅಕ್ಕಿಕಾಳು ಬೀಳೂ ತನಕ ಒಳಗ ಕಾಲಿಡಬ್ಯಾಡ ನೀ.”

ತಡೆದವಳು ನಾನೇ; ಅದು ನಮ್ಮ ಮನೆತನದ ರೂಢಿ. ನೀವು ನಕ್ಕಿರಿ. “ಹಂಗಾರ ಹುಷಾರ್ರಿ. ಮದುಮಗಳಕಿಂತ ಮೊದಲ ನೀವ ಕುಣದೀರಿ ಮತ್ತ!”

ಐದೇ ನಿಮಿಷಕ್ಕೆ ಕೈ ತೊಳೆಯಲು ಹೋಗಿ ಜಾರಿದೆ. ಬಲಗೈ ಮಣಿಕಟ್ಟು ಮುರಿಯಿತು, ಕಾಲೂ ಉಳುಕಿತು. ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸುವಾಗ ಕೌಂಟರಿನಲ್ಲಿದ್ದ ಮಾಲೀಕರು, ಆಗಷ್ಟೇ ಬಂದಿಳಿದ ಬೀಗರೆಲ್ಲರ ಎದುರು, ಎದ್ದೂ ನಿಲ್ಲದೆ ಅಂದರು: “ಇಷ್ಟ ಮೈ ಇದ್ದವರು ಕೆಳಗಿನ ರೂಮ್ ಕೇಳಬೇಕಿತ್ತು. ನೆಲದ ಫರಸಿ ಒಡದಿಲ್ಲಲ್ಲ, ನೋಡ್ರಿ ಒಮ್ಮೆ.”

ಬೀಗರು ನಕ್ಕರು. ಕೈ ನೋವು ಆ ಕ್ಷಣ ನನಗೆ ಗೊತ್ತೇ ಆಗಲಿಲ್ಲ — ಆ ನಗು ಮಾತ್ರ...

ದಿನದ ಸಂಗತಿ ಬರೆದಿಡುವ ಚಟ ನನ್ನದು: ನಳದ ನೀರು ಎಷ್ಟಕ್ಕೆ ಬಂತು, ಯಾವ ಪಲ್ಯ ಮಾಡಿದೆ, ಯಾರು ಬಂದುಹೋದರು. ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ದಿನದ ಖಾಲಿ ಪುಟ ತೆಗೆದು, ನಲ್ಲಿ ಸೋರಿ ನೆಲ ಒದ್ದೆಯಾಗಿತ್ತು, ಒರೆಸಲು ಯಾರೂ ಬರಲಿಲ್ಲ ಎಂದು ಬರೆದೆ. ನಲ್ಲಿ ಸೋರುತ್ತಿದ್ದದ್ದು ಖರೆ — ಆದರೆ ಬಕೆಟ್ಟಿನೊಳಗೆ. ವಕೀಲರಿಗೆ ಅದೇ ಪುಟ ಕೊಟ್ಟೆ, ಪರಿಹಾರ ಕೇಳಿ ದೂರು ಹಾಕಿದೆ. ದುಡ್ಡಿಗಲ್ಲ. ಆ ಮನುಷ್ಯ ಹತ್ತು ಮಂದಿಯೆದುರು ಕೈಕಟ್ಟಿ ನಿಲ್ಲುವುದನ್ನು ನಾನು ನೋಡಬೇಕಿತ್ತು. ಆಯೋಗದ ವಾಯಿದೆಯ ದಿನಗಳಲ್ಲಿ ರೊಟ್ಟಿ ಲಗೂ ಬಡಿದಿಟ್ಟು, ಇಳಕಲ್ ಸೀರೆ ಉಟ್ಟು ಹೋಗುತ್ತಿದ್ದೆ — ಹಬ್ಬಕ್ಕೆ ಹೋದ ಹಾಗೆ.

ಆದರೆ ಮಾಲೀಕರು ಸಾಕ್ಷಿಗೆ ನಿಮ್ಮನ್ನು ಕರೆತಂದರು. ನೀವು ನಡೆದದ್ದನ್ನು ನಡೆದ ಹಾಗೇ ಹೇಳಿದಿರಿ. ನಿಮ್ಮನ್ನು ಆವತ್ತು ಅಲ್ಲಿ ನೋಡಿದ್ದೆನೇ ಎಂದು ನನ್ನನ್ನು ಕೇಳಿದಾಗ ಕತ್ತೆತ್ತಿದೆ. ಮಾಲೀಕರ ಮುಖದಲ್ಲಿ ಗೆದ್ದ ಕಳೆ ಕಂಡಿತು. “ನೋಡೇ ಇಲ್ರಿ” ಎಂಬ ಆ ಮಾತು ಬಾಯಿಂದ ಬಂದುಬಿಟ್ಟಿತು.

ನಾನು ಗೆದ್ದೆ. ಅವರು ತಲೆತಗ್ಗಿಸಿ ಹೊರಗೆ ಹೋದರು. ಸುಳ್ಳು ಯಾಕೆ ಹೇಳಲಿ — ಆವತ್ತು ಹೊಟ್ಟೆ ತಣ್ಣಗಾಗಿತ್ತು.

ಹೋದ ವಾರ ನವನಗರದ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ನಿಮ್ಮ ದನಿ: “ಕೈ ಕೂಡಿತೇನ್ರಿ, ಅಕ್ಕಾರ?” ಕುಟುಕಿದ್ದಲ್ಲ. ಖರೇನೇ ಕೇಳಿದಿರಿ. ಕೆಲಸದ ಬಗ್ಗೆ ನಾನೇ ಕೆದಕಿದ ಮೇಲೆ ಹೇಳಿದಿರಿ: “ಮಾಲಕ್ರು ಬಿಡಿಸಿದ್ರಲ್ರಿ ಆವಾಗನ. ‘ದೂರು ಕೊಟ್ಟ ಬಾಯಾರು ನಿನ್ನ ನೋಡೇ ಇಲ್ಲಂತಾರ, ಅಂದ್ರ ನೀ ಆವತ್ತ ಮ್ಯಾಲ ಹೋಗೇ ಇಲ್ಲ’ ಅಂದ್ರು. ಎಂಟ ವರ್ಷ ಮಾಡಿದ್ದೆ. ಕೆಲಸಕ್ಕ ಕಳ್ಳಬಿದ್ದಾಕಿ ಅಂತ ಉಳಿದ ಲಾಡ್ಜಿನವರೂ ಕರೀವಲ್ರು.”

ನಾನು ಬದನೆಕಾಯಿ ತಗೊಂಡು ಮನೆಗೆ ಬಂದೆ.

ಮಾಲೀಕರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ರೆಹಮತ್‌ಬೀ. ಆ ಮಾತನ್ನು ನಾನು ಸಾಯುವ ತನಕ ಮರೆಯುವವಳಲ್ಲ. ಆದರೆ ನಾನು ಬೀಸಿದ ಕಲ್ಲು ನಿಮಗೆ ಬಡಿಯಿತು, ಅದು ಗೊತ್ತಿದ್ದೇ ಬೀಸಿದ್ದೆ.

ನಡೆದದ್ದನ್ನೆಲ್ಲ ಆಯೋಗಕ್ಕೆ ಬರೆದಿದ್ದೇನೆ. ಪರಿಹಾರ ಹಿಂದಿರುಗಿಸುತ್ತೇನೆ. ನಾಳೆ ಅದೇ ಕೌಂಟರಿನ ಮುಂದೆ ನಿಂತು, ನೀವು ಹೇಳಿದ್ದೇ ನಿಜ ಎಂದು ಆ ಮನುಷ್ಯನಿಗೆ ಹೇಳಬೇಕು. ಅವರು ನಗುತ್ತಾರೆ, ಇನ್ನೂ ಏನೇನೋ ಅನ್ನುತ್ತಾರೆ.

ನೀವು ಮಾತ್ರ ಜೊತೆಗೆ ಬರಬೇಡಿ. ಅವರು ನನ್ನನ್ನು ಬೈಯುವಾಗ “ಬಿಡ್ರಿ, ಹಿರೇರು” ಎಂದು ನೀವು ಅಡ್ಡ ಬಂದೀರಿ — ಅದನ್ನು ನಾನು ತಡೆಯಲಾರೆ.